ಮೊದಲು ಏಡಿ ಬೋನು, ಆಮೇಲೆ ಗಾಳ: ಸಣ್ಣ ದೋಣಿಯವರಿಗೆ ಒಂದು ಉತ್ತರ

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ 14 ಅಡಿಯ ಫೈಬರ್ ದೋಣಿ ತೆಗೆದುಕೊಂಡಿದ್ದೇವೆ. ಔಟ್‌ಬೋರ್ಡ್ ಎಂಜಿನ್ ಇದೆ. ರಜೆಯ ದಿನ ಅಳಿವೆಯಲ್ಲಿ ಗಾಳ ಹಾಕಬೇಕು, ಜೊತೆಗೆ ಏಡಿಯನ್ನೂ ಹಿಡಿಯಬೇಕು ಅಂತ ಆಸೆ. ಆರು ರಾಡ್, ಒಂದು ಡಬ್ಬಿ ತುಂಬಾ ಲ್ಯೂರ್ (ಕೃತಕ ಎರೆ), ಎರಡು ಏಡಿ ಬೋನು ಇದ್ದವು. ನಾಲ್ಕು ಸಲ ಹೋದೆವು. ಸಿಕ್ಕಿದ್ದು ಮೂರು ಸಣ್ಣ ಏಡಿ, ಒಂದು ಕ್ಯಾಟ್‌ಫಿಶ್. ಒಂದು ಬೋನು ಕಳೆದೇ ಹೋಯಿತು. ಇನ್ನೇನು ಕೊಳ್ಳಬೇಕು? ಯಾವ ಮೀನಿನ ಹಿಂದೆ ಹೋಗಬೇಕು?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮ್ಮ ಹತ್ತಿರ ಇರುವುದೇ ಜಾಸ್ತಿ.

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ರಾಡ್ ಎಷ್ಟು ಅಂತ ಬರೆದಿದ್ದೀರಿ, ಬೋನು ಎಷ್ಟು ಅಂತ ಬರೆದಿದ್ದೀರಿ. ನೀವು ಹೋದಾಗ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಅಂತ ಬರೆದಿಲ್ಲ. ತೊಂದರೆ ಇರುವುದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ. ರಜೆ ಸಿಕ್ಕಿತು, ಬೆಳಿಗ್ಗೆ ತಿಂಡಿ ಮುಗಿಸಿ ಹೊರಟೆವು, ಮಧ್ಯಾಹ್ನ ವಾಪಸ್ ಬಂದೆವು. ಹೀಗೇ ಆಗಿರಬೇಕು ಅಲ್ವಾ? ಮೀನಿಗೂ ಏಡಿಗೂ ನಮ್ಮ ಗಡಿಯಾರ ಗೊತ್ತಿಲ್ಲ. ಅವು ಉಬ್ಬರ ಇಳಿತ ನೋಡಿಕೊಂಡು ಊಟಕ್ಕೆ ಹೊರಡುತ್ತವೆ.

ಹಾಗಾಗಿ ನೀರಿನಿಂದಲೇ ಶುರು ಮಾಡೋಣ. ಹೆಚ್ಚಿನ ಕಡಲ ತೀರಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಬೆಳಿಗ್ಗೆ 7ಕ್ಕೆ ನೀರು ತುಂಬಿದ್ದರೆ ನಾಳೆ ಬೆಳಿಗ್ಗೆ 7:50ರ ಹೊತ್ತಿಗೆ ತುಂಬುತ್ತದೆ. ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಹೋದರೆ ಹೆಚ್ಚುಕಡಿಮೆ ತಳ ಕಾಣುವ ನೀರು ಸಿಗಬಹುದು. ಕಳೆದ ವಾರ ಮೀನು ಸಿಕ್ಕಿದ ಜಾಗದಲ್ಲಿ ಈ ವಾರ ಏನೂ ಇಲ್ಲ ಅನ್ನುವುದಕ್ಕೆ ಬಹಳ ಸಲ ಇದೇ ಕಾರಣ.

ಏರುವ ಆರು ಗಂಟೆಯಲ್ಲೂ ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿ. ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ 2, ಕೊನೆಗೆ 1. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. ಆ ಹೊತ್ತಿನಲ್ಲಿ ಸೆಳೆತ ಎಷ್ಟು ಜೋರು ಅಂದರೆ ಗಾಳದ ದಾರಕ್ಕೆ ಭಾರಕ್ಕೆಂದು ಕಟ್ಟಿದ ಹಗುರ ಸೀಸ ತಳ ಮುಟ್ಟುವುದೇ ಇಲ್ಲ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಒಂದೆರಡು ದಿನ ಆಚೆಗೆ ಇದು ಇನ್ನೂ ಜೋರು. ಅಷ್ಟಮಿಯ ಸುತ್ತಮುತ್ತ ನೀರು ಸೋಮಾರಿ. ಹೊಸಬರಿಗೆ ಇವೆರಡರ ನಡುವಿನ ದಿನಗಳು ಒಳ್ಳೆಯವು. ನೀರು ಓಡುತ್ತದೆ, ಆದರೆ ಹಿಡಿತದಲ್ಲಿ ಇರುತ್ತದೆ.

ಇನ್ನೊಂದು ವಿಷಯ. ಉಬ್ಬರದ ಪಟ್ಟಿಯಲ್ಲಿ ಇರುವುದು ಬಂದರಿನ ಹೊತ್ತು. ಅಳಿವೆಯ ಬಾಯಿಯಲ್ಲಿ ನೀರು ತಿರುಗಿದ ಮೇಲೂ ಒಳಗೆ ಎಷ್ಟೋ ಹೊತ್ತು ಏರುತ್ತಲೇ ಇರುತ್ತದೆ. ನಿಮ್ಮ ಜಾಗದಲ್ಲಿ ಎಷ್ಟು ತಡ ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ. ಒಂದು ಕಂಬಕ್ಕೆ ಗುರುತು ಹಾಕಿ ನೀವೇ ನೋಡಿಕೊಳ್ಳಬೇಕು.

ಈಗ ಏಡಿ. ದೋಣಿ ನೀರಿಗಿಳಿದ ಕೂಡಲೇ ಮೊದಲ ಕೆಲಸ ಬೋನು ಹಾಕುವುದು. ನೀವು ಗಾಳ ಹಾಕಿಕೊಂಡು ಕೂತಿರುವಾಗ ಅದು ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ. ಬಹಳ ಜನ ಮೀನು ಸಿಗದೆ ಬೇಜಾರಾದ ಮೇಲೆ ಬೋನು ಇಳಿಸುತ್ತಾರೆ. ಅಷ್ಟರಲ್ಲಿ ಒಳ್ಳೆಯ ಹೊತ್ತು ಮುಗಿದಿರುತ್ತದೆ.

ಏಡಿ ಊಟವನ್ನು ಕಣ್ಣಿಗಿಂತ ವಾಸನೆಯಿಂದ ಹುಡುಕುತ್ತದೆ. ಕಣ್ಣುಗಳ ನಡುವೆ ಇರುವ ಪುಟ್ಟ ಮೀಸೆಗಳನ್ನು ನೀರಿನಲ್ಲಿ ಅಲ್ಲಾಡಿಸಿ ವಾಸನೆ ಹಿಡಿಯುತ್ತದೆ. ಕಾಲಿನ ತುದಿಯಲ್ಲೂ ರುಚಿ ತಿಳಿಯುವ ಶಕ್ತಿ ಇದೆ. ಬೋನಿನೊಳಗಿನ ಎರೆಯ ವಾಸನೆ ಸೆಳೆತದ ಜೊತೆ ಕೆಳಗೆ ಹರಿಯುತ್ತದೆ. ಏಡಿ ಆ ಎಳೆ ಹಿಡಿದು ಸೆಳೆತಕ್ಕೆ ಎದುರಾಗಿ ನಡೆದು ಬರುತ್ತದೆ. ಇದು ಗೊತ್ತಾದರೆ ಉಳಿದದ್ದು ಸುಲಭ. ಬೋನಿನ ಬಾಯಿ ಸೆಳೆತದ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ನೀರು ಓಡದ ಮೂಲೆಯಲ್ಲಿ ಬೋನು ಇಟ್ಟರೆ ವಾಸನೆ ಎಲ್ಲಿಗೂ ಹೋಗುವುದಿಲ್ಲ. ಎರಡು ಬೋನನ್ನು ಹತ್ತಿರ ಹತ್ತಿರ ಇಡುವುದೂ ದಂಡ. ಎರಡೂ ಒಂದೇ ಏಡಿಯನ್ನು ಕರೆಯುತ್ತವೆ.

ಎರೆಗೆ ಮೀನಿನ ತಲೆ, ಮುಳ್ಳು ಸಾಕು. ಬೂತಾಯಿ, ಬಂಗುಡೆಯಂಥ ಎಣ್ಣೆಯಂಶದ ಮೀನು ಇನ್ನೂ ಒಳ್ಳೆಯದು. ಏಡಿಗೆ ಕೊಳೆತದ್ದೇ ಇಷ್ಟ ಅಂತ ಹೇಳುವವರ ಮಾತು ನಂಬಬೇಡಿ. ತಾಜಾ ಎರೆ ಹಾಕಿದ ಬೋನು ನನಗೆ ಪ್ರತಿ ಸಲವೂ ಜಾಸ್ತಿ ಕೊಟ್ಟಿದೆ. ಎರೆಯನ್ನು ಬಲೆಯ ಚೀಲದಲ್ಲಿ ಹಾಕಿ ಬೋನಿನ ನಟ್ಟನಡುವೆ ಕಟ್ಟಿ. ಬದಿಯಲ್ಲಿ ಕಟ್ಟಿದರೆ ಏಡಿ ಹೊರಗೆ ನಿಂತೇ ಕಿತ್ತು ತಿನ್ನುತ್ತದೆ.

ಎಲ್ಲಿ ಇಡಬೇಕು? ಕೆಸರು ಏಡಿ ಬೇಕಾದರೆ ಕಾಂಡ್ಲಾ ಗಿಡಗಳ ಅಂಚು, ಕೆಸರಿನ ಸಣ್ಣ ತೋಡುಗಳ ಬಾಯಿ. ನೀರು ಏರುವಾಗ ಅದು ಮೇಲಿನ ಕೆಸರಿಗೆ ಮೇಯಲು ಹೋಗುತ್ತದೆ, ಇಳಿಯುವಾಗ ತೋಡಿನ ದಾರಿಯಲ್ಲಿ ವಾಪಸ್ ಬರುತ್ತದೆ. ಹಾಗಾಗಿ ಏರುವ ನೀರಿಗೆ ಅಂಚಿನಲ್ಲಿ ಇಡಿ, ಇಳಿಯುವ ನೀರಿಗೆ ತೋಡಿನ ಬಾಯಿಗೆ ಸರಿಸಿ. ಬೋನು ಒಣಗುವ ಜಾಗದಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಿಗೆ ಒಳಗಿನ ಏಡಿ ಸಾಯುತ್ತದೆ. ನೀಲಿ ಈಜು ಏಡಿ ಬೇರೆ ಸ್ವಭಾವದ್ದು. ಹಿಂದಿನ ಜೋಡಿ ಕಾಲು ಹುಟ್ಟಿನ ಹಾಗೆ ಚಪ್ಪಟೆ, ಚೆನ್ನಾಗಿ ಈಜುತ್ತದೆ. ಅದಕ್ಕೆ ಮರಳು ತಳ, ಸ್ವಲ್ಪ ತೆರೆದ ನೀರು ಬೇಕು.

ಬೋನಿನಲ್ಲಿ ಎರಡು ಬಗೆ. ಬಳೆ ಬಲೆ ತಳದಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತದೆ. ಏಡಿ ಬಂದು ತಿಂದು ಹೊರಟುಹೋಗಬಹುದು. ಅದನ್ನು 15–20 ನಿಮಿಷಕ್ಕೊಮ್ಮೆ ಎತ್ತಬೇಕು, ಅದೂ ನಿಲ್ಲಿಸದೆ ಒಂದೇ ಬೀಸಿಗೆ. ಮುಚ್ಚಿದ ಬೋನಿನಲ್ಲಿ ಒಳಗೆ ಹೋಗುವ ದಾರಿ ಕೊಳವೆಯ ಹಾಗೆ ಕಿರಿದಾಗುತ್ತದೆ, ಹೊರಬರುವುದು ಕಷ್ಟ. ಅದನ್ನು ಒಂದೂವರೆ ಎರಡು ಗಂಟೆ ಬಿಡಬಹುದು. ಅಮೆರಿಕದ ವರ್ಜೀನಿಯಾದ ಬೆಂಜಮಿನ್ ಲೂಯಿಸ್ ಎಂಬುವರು 1928ರಲ್ಲಿ ಪೇಟೆಂಟ್ ಪಡೆದ ಏಡಿ ಬೋನಿನ ವಿನ್ಯಾಸ ನನಗೆ ಬಹಳ ಇಷ್ಟ. ಅದು ಮುಂದೆ ಎರಡು ಮಹಡಿಯ ಬೋನಾಗಿ ಬೆಳೆಯಿತು. ಗಾಬರಿಯಾದ ನೀಲಿ ಏಡಿ ಮೇಲಕ್ಕೆ ಈಜುತ್ತದೆ. ಕೆಳಗಿನ ಕೋಣೆಯಲ್ಲಿ ಎರೆ ತಿಂದು ಹೊರಗೆ ಹೋಗಲು ನೋಡುವ ಏಡಿ ಮೇಲಿನ ಕೋಣೆ ಸೇರಿ ಅಲ್ಲೇ ಉಳಿಯುತ್ತದೆ. ಏಡಿಯ ಸ್ವಭಾವ ನೋಡಿ ಮಾಡಿದ ಕೆಲಸ ಅದು.

ನಿಮ್ಮ ಬೋನು ಏಕೆ ಕಳೆದುಹೋಯಿತು? ಹಗ್ಗ ಗಿಡ್ಡ ಆಗಿದ್ದಿರಬೇಕು. ನೀರು ಕಡಿಮೆ ಇರುವಾಗ ಅಳತೆ ಮಾಡಿ ಕಟ್ಟಿದರೆ, ಉಬ್ಬರಕ್ಕೆ ಹಗ್ಗದ ತುದಿಯ ಬೆಂಡು ನೀರಿನೊಳಗೆ ಮುಳುಗಿಬಿಡುತ್ತದೆ. ಇಲ್ಲದಿದ್ದರೆ ಬೆಂಡು ಬೋನನ್ನೇ ಎತ್ತಿಕೊಂಡು ತೇಲಿಹೋಗುತ್ತದೆ. ತುಂಬಿದ ನೀರಿನ ಆಳದ ಒಂದೂವರೆ ಪಟ್ಟು ಹಗ್ಗ ಇರಲಿ. ಬೋನಿನ ತಳಕ್ಕೆ ಒಂದು ಕಬ್ಬಿಣದ ತುಂಡು ಕಟ್ಟಿ. ಹಗ್ಗ ತೇಲುವ ಜಾತಿಯದಾದರೆ ನಡುವೆ ಸಣ್ಣ ಸೀಸ ಸಿಕ್ಕಿಸಿ. ಇಲ್ಲದಿದ್ದರೆ ನೀರಿನ ಮೇಲೆ ಹಾವಿನ ಹಾಗೆ ಹರಡಿಕೊಂಡು ಯಾವುದೋ ದೋಣಿಯ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ದೋಣಿಗಳು ಓಡಾಡುವ ದಾರಿಯಲ್ಲಂತೂ ಇಡಲೇಬೇಡಿ.

ಕಳೆದ ಬೋನು ಅಂದರೆ ಬರೀ ದುಡ್ಡು ಹೋಯಿತು ಅಂತಲ್ಲ. ಅದು ತಳದಲ್ಲಿ ಹಿಡಿಯುತ್ತಲೇ ಇರುತ್ತದೆ. ಒಳಗೆ ಸತ್ತ ಏಡಿಯೇ ಮುಂದಿನದಕ್ಕೆ ಎರೆ. ಇದು ತಿಂಗಳುಗಟ್ಟಲೆ ನಡೆಯುತ್ತದೆ. ಇದಕ್ಕೊಂದು ಸುಲಭದ ಮದ್ದು ಇದೆ. ಬೋನಿನ ಒಂದು ಬದಿಯನ್ನೋ ಬಾಗಿಲನ್ನೋ ನೈಲಾನ್ ಬದಲು ಹತ್ತಿಯ ದಾರದಿಂದ ಕಟ್ಟಿ. ಬೋನು ಕಳೆದರೂ ದಾರ ಕೊಳೆತು ಬಾಗಿಲು ತೆರೆದುಕೊಳ್ಳುತ್ತದೆ. ಕೆಲವು ಕಡೆ ಇದು ಕಾನೂನೇ ಆಗಿದೆ. ನಿಮ್ಮಲ್ಲಿ ಕಾನೂನು ಇರಲಿ ಬಿಡಲಿ, ಇದನ್ನು ಮಾಡಿ. ನಾನು ಇಷ್ಟು ಒತ್ತಿ ಕೇಳುವ ಮಾತು ಈ ಉತ್ತರದಲ್ಲಿ ಬೇರೆ ಹೆಚ್ಚಿಲ್ಲ.

ಬೋನು ಎತ್ತುವಾಗ ಸೆಳೆತಕ್ಕೆ ಎದುರಾಗಿ ಬನ್ನಿ. ದೋಣಿಯ ಮೂತಿ ನೀರು ಬರುವ ಕಡೆ ಇರಲಿ. ಬೆಂಡು ಹತ್ತಿರವಾದಾಗ ಎಂಜಿನ್ ನ್ಯೂಟ್ರಲ್ ಮಾಡಿ ಮುಂಭಾಗದಿಂದ ಕೊಕ್ಕೆ ಹಾಕಿ ಹಿಡಿಯಿರಿ. ಒಮ್ಮೆ ನಾನು ಅವಸರದಲ್ಲಿ ಸೆಳೆತದ ಜೊತೆಗೇ ಹೋದೆ. ದೋಣಿ ಬೆಂಡಿನ ಮೇಲೇ ಹಾದು ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿತು. ಬೋನು ಕೆಳಗೆ ಏನಕ್ಕೋ ಸಿಕ್ಕಿಕೊಂಡಿತ್ತು. ದೋಣಿ ಹಿಂಭಾಗದಿಂದ ಕಟ್ಟಿಹಾಕಿದ ಹಾಗೆ ನಿಂತಿತು. ಎಂಜಿನ್ ಇರುವ ಭಾರದ ಕಡೆ, ಅಂಚೂ ತಗ್ಗು. ಎರಡೇ ಅಲೆಗೆ ಕಾಲು ಮುಳುಗುವಷ್ಟು ನೀರು ಒಳಗೆ ಬಂತು. ಸೊಂಟದಲ್ಲಿ ಚಾಕು ಇತ್ತು, ಹಗ್ಗ ಕತ್ತರಿಸಿದೆ, ದೋಣಿ ತಿರುಗಿಕೊಂಡಿತು. ಚಾಕು ಡಬ್ಬಿಯ ತಳದಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ. ಲಂಗರಿನ ವಿಷಯವೂ ಇದೇ. ಲಂಗರು ಯಾವತ್ತೂ ದೋಣಿಯ ಮೂತಿಯಿಂದಲೇ. ಹಿಂಭಾಗಕ್ಕೆ ಕಟ್ಟಿದ ಲಂಗರು ಸಣ್ಣ ದೋಣಿಯನ್ನು ಮುಳುಗಿಸುತ್ತದೆ.

ಬೋನು ಮೇಲೆ ಬಂತು, ಒಳಗೆ ನಾಲ್ಕು ಏಡಿ ಇವೆ ಅಂದುಕೊಳ್ಳಿ. ಯಾವುದು ಇಟ್ಟುಕೊಳ್ಳಬೇಕು? ತಿರುವಿ ಹೊಟ್ಟೆ ನೋಡಿ. ಅಲ್ಲಿ ಮಡಿಚಿಟ್ಟ ಒಂದು ಮುಚ್ಚಳ ಕಾಣುತ್ತದೆ. ಗಂಡಿಗೆ ಅದು ಕಿರಿದು, ತ್ರಿಕೋನದ ಹಾಗೆ. ಬೆಳೆದ ಹೆಣ್ಣಿಗೆ ಅಗಲ, ಅರ್ಧ ಚಂದ್ರದ ಹಾಗೆ. ಮೊಟ್ಟೆ ಇದ್ದರೆ ಮುಚ್ಚಳದಡಿ ಸ್ಪಂಜಿನಂಥ ಗೊಂಚಲು ಇರುತ್ತದೆ, ಮೊದಲು ಕಿತ್ತಳೆ ಬಣ್ಣ, ಮರಿಯಾಗುವ ಹೊತ್ತಿಗೆ ಕಪ್ಪು. ಒಂದು ದೊಡ್ಡ ಕೆಸರು ಏಡಿ ಹತ್ತಾರು ಲಕ್ಷ ಮೊಟ್ಟೆ ಹೊರುತ್ತದೆ. ಮೊಟ್ಟೆ ಇರುವುದನ್ನು ಅಲ್ಲೇ, ಆಗಲೇ ಬಿಡಿ. ನಾನು ಹೆಣ್ಣನ್ನು ಮೊಟ್ಟೆ ಇಲ್ಲದಿದ್ದರೂ ಬಿಡುತ್ತೇನೆ. ಕಾನೂನು ಬಿಡಿ ಅನ್ನದ ಕಡೆಯಲ್ಲೂ ಬಿಡುತ್ತೇನೆ.

ಅಳತೆಯ ನಿಯಮ ಕೇಳುವಾಗ ಸಂಖ್ಯೆ ಮಾತ್ರ ಕೇಳಬೇಡಿ, ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅಂತಲೂ ಕೇಳಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೆಸರು ಏಡಿಯ ಚಿಪ್ಪಿನ ಅಗಲ 15 ಸೆಂ.ಮೀ. ಇರಬೇಕು, ಗಂಡು ಮಾತ್ರ ಇಟ್ಟುಕೊಳ್ಳಬಹುದು. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ಅದೇ ಏಡಿಗೆ 8.5 ಸೆಂ.ಮೀ., ಆದರೆ ಅದು ಚಿಪ್ಪಿನ ಉದ್ದ, ಮುಂದಿನಿಂದ ಹಿಂದಕ್ಕೆ. ಏಡಿ ಒಂದೇ, ಅಳತೆ ಬೇರೆ. ನಿಮ್ಮ ಜಾಗದ ನಿಯಮ ಮೀನುಗಾರಿಕೆ ಇಲಾಖೆಯಿಂದ ತಿಳಿದುಕೊಳ್ಳಿ. ಒಂದು ಪ್ಲಾಸ್ಟಿಕ್ ಅಳತೆಪಟ್ಟಿ ದೋಣಿಯಲ್ಲೇ ಇರಲಿ.

ಇನ್ನೊಂದು ಪರೀಕ್ಷೆ: ಹೊಟ್ಟೆಯ ಕಡೆ, ಕಾಲು ಶುರುವಾಗುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಬಾಗಿದರೆ ಅದು ಈಚೆಗೆ ಚಿಪ್ಪು ಕಳಚಿದ ಏಡಿ. ಒಳಗೆ ನೀರೇ ಜಾಸ್ತಿ, ಮಾಂಸ ಇಲ್ಲ. ನೋಡಲು ಮಾತ್ರ ದೊಡ್ಡದು. ಬಿಟ್ಟುಬಿಡಿ, ಕೆಲವು ವಾರದಲ್ಲಿ ತುಂಬಿಕೊಳ್ಳುತ್ತದೆ.

ಹಿಡಿಯುವುದು ಹಿಂದಿನಿಂದ, ಹಿಂಗಾಲುಗಳ ನಡುವೆ. ಕೆಸರು ಏಡಿಯ ಕೊಂಬಿನ ಹಿಡಿತಕ್ಕೆ ಬೆರಳಿನ ಮೂಳೆ ಮುರಿದೀತು, ಸುಮ್ನೆ ಧೈರ್ಯ ತೋರಿಸಬೇಡಿ. ಹಿಡಿದದ್ದನ್ನು ಬಕೆಟ್ ನೀರಿನಲ್ಲಿ ಹಾಕಿಡುವುದು ದೊಡ್ಡ ತಪ್ಪು. ನಿಂತ ನೀರಿನ ಆಮ್ಲಜನಕ ಬೇಗ ಮುಗಿದು ಏಡಿ ಸಾಯುತ್ತದೆ. ಒದ್ದೆ ಗೋಣಿಚೀಲದಲ್ಲಿ ನೆರಳಿನಲ್ಲಿ ಇಡಿ. ಕಿವಿರು ತೇವವಾಗಿದ್ದರೆ ಗಾಳಿಯಲ್ಲೂ ಗಂಟೆಗಟ್ಟಲೆ ಬದುಕುತ್ತದೆ. ಸತ್ತ ಏಡಿ ಬಹಳ ಬೇಗ ಕೆಡುತ್ತದೆ. ಯಾವಾಗ ಸತ್ತಿತು ಅಂತ ಗೊತ್ತಿಲ್ಲದ್ದನ್ನು ತಿನ್ನಬೇಡಿ.

ಇನ್ನು ಗಾಳ. ಮೂರು ಜನಕ್ಕೆ ಮೂರು ರಾಡ್ ಸಾಕು, ಒಂದು ಹೆಚ್ಚಿಗೆ ಇರಲಿ. 14 ಅಡಿಯಲ್ಲಿ ಆರು ರಾಡ್ ಇದ್ದರೆ ಕಾಲಿಡಲು ಜಾಗ ಇರುವುದಿಲ್ಲ, ಕೊಕ್ಕೆ ಯಾರಿಗಾದರೂ ಚುಚ್ಚುತ್ತದೆ. ಎರಡು ಹಗುರ ರಾಡ್: 7 ಅಡಿಯವು, 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲ್, 10–15 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ) ದಾರ. ಒಂದು ಗಟ್ಟಿ ರಾಡ್: 4000 ರೀಲ್, 30 ಪೌಂಡಿನ ಬ್ರೇಡ್. ಬ್ರೇಡ್ ಹಿಗ್ಗುವುದಿಲ್ಲ, ಹಾಗಾಗಿ ಸಣ್ಣ ಕಡಿತವೂ ಕೈಗೆ ತಿಳಿಯುತ್ತದೆ. ಆದರೆ ಬಂಡೆಗೆ ಉಜ್ಜಿದರೆ ತುಂಡಾಗುತ್ತದೆ. ಅದಕ್ಕೇ ತುದಿಗೆ ಎರಡು ಮೀಟರ್ ಫ್ಲೋರೋಕಾರ್ಬನ್ ಲೀಡರ್, ಅಂದರೆ ಉಜ್ಜಿದರೂ ಬೇಗ ಹರಿಯದ ದಾರದ ತುಂಡು, ಕಟ್ಟುವುದು. ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು ಕಲಿಯಿರಿ. ಅಲ್ಲಾಡುವ ದೋಣಿಯಲ್ಲೂ ಕಟ್ಟಬಹುದು. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿ, ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಇರಲಿ. ಅಂದಾಜಿಗೆ ಬಿಡಬೇಡಿ, ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ.

ಸೀಸದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಬೆಳಿಗ್ಗೆ ಕಟ್ಟಿದ್ದನ್ನು ಸಂಜೆವರೆಗೂ ಬದಲಿಸುವುದಿಲ್ಲ. ತಳ ಮುಟ್ಟಿ ನಿಧಾನ ಉರುಳುವಷ್ಟು ತೂಕ ಸಾಕು. ನೀರು ನಿಧಾನ ಇದ್ದಾಗ 10 ಗ್ರಾಂ, ಓಡುವಾಗ 40, 60. ಅರ್ಧ ಗಂಟೆಗೊಮ್ಮೆ ಬದಲಿಸಲು ಬೇಜಾರು ಮಾಡಿಕೊಳ್ಳಬೇಡಿ.

ಯಾವ ಮೀನು ಅಂತ ಕೇಳಿದಿರಿ. ಮೊದಲು ಕಾಣೆ. ಮರಳು ದಿಬ್ಬಗಳ ಮೇಲೆ ನೀರು ಏರುವಾಗ ಗುಂಪಾಗಿ ಮೇಯುತ್ತದೆ. ಹುಳ ಅಥವಾ ಸೀಗಡಿಯ ಸಣ್ಣ ತುಂಡು, 4 ಅಥವಾ 6ನೇ ನಂಬರಿನ ಉದ್ದ ಕಾಲಿನ ಕೊಕ್ಕೆ, ಹಗುರ ಸೀಸ. ಬಾಯಿ ಸಣ್ಣದು, ಕೊಕ್ಕೆ ದೊಡ್ಡದಾದರೆ ಎರೆ ಮಾತ್ರ ಹೋಗುತ್ತದೆ. ಕಾಣೆ ಹಿಡಿಯುತ್ತಾ ಕೂತರೆ ಕೈ ಕಡಿತ ಗುರುತಿಸಲು ಕಲಿಯುತ್ತದೆ. ಅದಕ್ಕೇ ಇದನ್ನು ಮೊದಲು ಹೇಳಿದೆ.

ಆಮೇಲೆ ಗಟ್ಟಿ ರಾಡಿನ ಮೀನುಗಳು. ಬಾರಮುಂಡಿ, ಮುರು, ಅಳಿವೆಯ ಕೆಂಪು ಸ್ನ್ಯಾಪರ್. ಇವು ಸೇತುವೆ ಕಂಬ, ಬಂಡೆ, ಬೇರುಗಳ ಮರೆಯಲ್ಲಿ ಹೊಂಚು ಹಾಕುತ್ತವೆ. ಇಳಿಯುವ ನೀರು ತೋಡಿನಿಂದ ಸಣ್ಣ ಮೀನು, ಸೀಗಡಿಗಳನ್ನು ಹೊರಗೆ ತಳ್ಳುವಾಗ ಬಾಯಿಯಲ್ಲೇ ಕಾದಿರುತ್ತವೆ. 40 ಪೌಂಡಿನ ಲೀಡರ್ ಬೇಕು. ಕಚ್ಚಿದ ಮೊದಲ ಎರಡು ಸೆಕೆಂಡಿನಲ್ಲಿ ಮರೆಯಿಂದ ಆಚೆ ಎಳೆಯದಿದ್ದರೆ ದಾರ ಬೇರಿಗೆ ಸುತ್ತಿ ಹೋಯಿತು ಅಂತಲೇ. ಜೀವಂತ ಎರೆ ಹಾಕುವುದಾದರೆ ತುದಿ ಒಳಕ್ಕೆ ಬಾಗಿದ ಸರ್ಕಲ್ ಕೊಕ್ಕೆ ಬಳಸಿ. ಅದರಲ್ಲಿ ರಾಡ್ ಜಗ್ಗಬಾರದು. ಮೀನು ತಿರುಗಿ ಹೊರಟಾಗ ಸುಮ್ಮನೆ ಸುತ್ತುತ್ತಾ ಹೋದರೆ ಕೊಕ್ಕೆ ಬಾಯಿಯ ಮೂಲೆಗೆ ತಾನೇ ಕೂರುತ್ತದೆ. ಹೊಟ್ಟೆಗೆ ಸಿಕ್ಕುವುದು ಕಡಿಮೆ, ಬಿಟ್ಟ ಮೀನು ಬದುಕುತ್ತದೆ.

ಟ್ರೆವಲಿ, ಬಂಗುಡೆಗಳ ಗುಂಪು ಬಂದರೆ ಹಕ್ಕಿಗಳೇ ತೋರಿಸುತ್ತವೆ. 20–30 ಗ್ರಾಮಿನ ಲೋಹದ ಜಿಗ್ (ಸಣ್ಣ ಮೀನಿನ ಹಾಗೆ ಕಾಣುವ ಲ್ಯೂರ್) ಎಸೆದು ಬೇಗ ಎಳೆಯಿರಿ. ಗುಂಪಿನ ನಡುವೆ ದೋಣಿ ನುಗ್ಗಿಸಬೇಡಿ, ಬದಿಯಿಂದ ಎಸೆಯಿರಿ. ಅಂಜಲ್ ಹೊರಗಿನ ನೀರಿನ ಮೀನು, ಹಲ್ಲಿಗೆ ತಂತಿಯ ಲೀಡರ್ ಬೇಕು. ಅದು ಮುಂದಿನ ವರ್ಷಕ್ಕೆ ಇರಲಿ.

ಒಂದು ದಿನ ಹೀಗೆ ಇರಬಹುದು. ಉಬ್ಬರ ಬೆಳಿಗ್ಗೆ 10ಕ್ಕೆ ಅಂದುಕೊಳ್ಳಿ. 6:30ಕ್ಕೆ ನೀರಿನ ಮೇಲೆ ಇರಿ. 7ರ ಒಳಗೆ ಬೋನು ಕಾಂಡ್ಲಾ ಅಂಚಿನಲ್ಲಿ. ಅಲ್ಲಿಂದ ಸೀದಾ ಮರಳು ದಿಬ್ಬಕ್ಕೆ, ಕಾಣೆಗೆ. ಮೊದಲು ಲಂಗರು ಹಾಕದೆ ತೇಲುತ್ತಾ ಹೋಗಿ, ಕಡಿತ ಸಿಕ್ಕಿದ ಜಾಗ ಗುರುತು ಮಾಡಿ, ಮೇಲಕ್ಕೆ ವಾಪಸ್ ಹೋಗಿ ಅಲ್ಲಿ ಲಂಗರು ಹಾಕಿ. ಹಗ್ಗ ಆಳದ ಐದು ಪಟ್ಟು, ತುದಿಗೆ ಸ್ವಲ್ಪ ಸರಪಳಿ. ದೋಣಿಯ ತಳಕ್ಕೆ ಡಬ್ಬಿ ಕುಕ್ಕಬೇಡಿ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ವೇಗವಾಗಿ ಹೋಗುತ್ತದೆ. 8:45ಕ್ಕೆ ಒಮ್ಮೆ ಬೋನು ಎತ್ತಿ ಎರೆ ಬದಲಿಸಿ. 10ರ ಸುತ್ತ ನೀರು ನಿಲ್ಲುತ್ತದೆ, ಕಡಿತವೂ ನಿಲ್ಲುತ್ತದೆ. ಆಗ ತಿನ್ನಿ, ಬೋನನ್ನು ತೋಡಿನ ಬಾಯಿಗೆ ಸಾಗಿಸಿ. 10:45ರಿಂದ ಇಳಿಯುವ ನೀರಿಗೆ ಗಟ್ಟಿ ರಾಡ್ ಹಿಡಿದು ಇನ್ನೊಂದು ತೋಡಿನ ಎದುರು ನಿಲ್ಲಿ. 12:30ಕ್ಕೆ ಬೋನು ಎತ್ತಿಕೊಂಡು ಮನೆಗೆ.

ಹಿಡಿದ ಮೀನನ್ನು ಬಿಸಿಲಿನಲ್ಲಿ ಬಿಡಬೇಡಿ. ಬಂಗುಡೆ, ಸೂರೆ (ಟ್ಯೂನಾ) ಜಾತಿಯ ಮೀನು ಬಿಸಿಯಲ್ಲಿ ಇದ್ದರೆ ಮಾಂಸದಲ್ಲಿ ಹಿಸ್ಟಮೈನ್ ಆಗುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಎರಡು ಪಾಲು ಪುಡಿ ಮಂಜುಗಡ್ಡೆ, ಒಂದು ಪಾಲು ಸಮುದ್ರದ ನೀರು ಕಲಸಿ ಅದರಲ್ಲಿ ಮುಳುಗಿಸಿ. ಉಬ್ಬಿಕೊಳ್ಳುವ ಪಫರ್ ಮೀನು ಬಂದರೆ ಬಿಟ್ಟುಬಿಡಿ, ಅದರ ವಿಷವೂ ಬೇಯಿಸಿದರೆ ಹೋಗುವುದಿಲ್ಲ. ನಿಮಗೆ ಸಿಕ್ಕ ಕ್ಯಾಟ್‌ಫಿಶ್‌ನ ಬೆನ್ನಿನ ಮುಳ್ಳು, ಎರಡು ಬದಿಯ ಮುಳ್ಳು ವಿಷದವು. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಇಡಿ. ಬಿಸಿ ಎಷ್ಟು ಅಂತ ಚೆನ್ನಾಗಿರುವ ಕೈಯಿಂದ ನೋಡಿ, ನೋವಿರುವ ಕೈಗೆ ಸುಡುವುದು ತಿಳಿಯದೆ ಹೋಗಬಹುದು. ಆಮೇಲೆ ವೈದ್ಯರ ಹತ್ತಿರ ಹೋಗಿ.

ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು. ಎಂಜಿನ್ ನಿಲ್ಲಿಸುವ ದಾರ ಓಡಿಸುವವರ ಕೈಗೆ ಕಟ್ಟಿರಬೇಕು. ಪೆಟ್ರೋಲ್ ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಒಂದು ಮುಟ್ಟದೆ ಇಡಲು. ಅಳಿವೆಯ ಬಾಯಿ ದಾಟಿ ಕಡಲಿಗೆ ಹೋಗುವ ಆಸೆ ಬರುತ್ತದೆ. ಇಳಿಯುವ ನೀರು ಹೊರಗಿನ ಅಲೆಗೆ ಎದುರಾದಾಗ ಅಲೆಗಳು ಅಲ್ಲಿ ಕಡಿದಾಗಿ ಎದ್ದು ನಿಲ್ಲುತ್ತವೆ. ಒಳಗಿನಿಂದ ನೋಡಿದರೆ ಅವುಗಳ ಬೆನ್ನು ಮಾತ್ರ ಕಾಣುತ್ತದೆ, ಎತ್ತರ ತಿಳಿಯುವುದಿಲ್ಲ. ಗೊತ್ತಿರುವವರ ಜೊತೆ ಹತ್ತು ಸಲ ದಾಟುವವರೆಗೆ ನೀವಾಗಿಯೇ ಹೋಗಬೇಡಿ.

ಮುಂದಿನ ಸಲ ಹೋಗುವಾಗ ಅಮಾವಾಸ್ಯೆಯ ಮರುದಿನ ನೋಡಿ, ನೀರು ತಳ ಮುಟ್ಟುವ ಹೊತ್ತಿಗೆ ಬೋನು ಕಳೆದ ಜಾಗಕ್ಕೆ ಹೋಗಿ. ತಿಂಗಳಿನಲ್ಲಿ ನೀರು ತುಂಬಾ ಕೆಳಗೆ ಇಳಿಯುವುದು ಅಂಥ ದಿನಗಳಲ್ಲೇ. ಬೆಂಡು ಇನ್ನೂ ಇದ್ದರೆ ಮೇಲೆ ಕಾಣುತ್ತದೆ. ಇಲ್ಲದಿದ್ದರೆ ಉದ್ದ ಹಗ್ಗಕ್ಕೆ ಮುಳ್ಳುಕೊಕ್ಕೆ ಕಟ್ಟಿ ತಳ ಗೋರಿ. ಸಿಕ್ಕರೆ ಒಳಗೆ ಬದುಕಿರುವುದನ್ನೆಲ್ಲ ಬಿಟ್ಟು, ಬಾಗಿಲಿಗೆ ಹತ್ತಿ ದಾರ ಕಟ್ಟಿ ಮತ್ತೆ ಇಳಿಸಿ.